ಕಂಪನಿಯ ಅಧಿಕಾರಿಗಳೂ ದೇಶಭಾಷಾಭ್ಯಾಸವೂ

ಅನ್ಯದೇಶವನ್ನು ಆಳಬಂದವನಿಗೆ ಅಲ್ಲಿಯ ಮಾತೂ ಮರ್ಯಾದೆಯೂ ತಿಳಿಯದಿದ್ದರೆ ಅವನ ನ್ಯಾಯವು ದುಭಾಷಿಯ ನಾಲಗೆಯನ್ನೇ ಆಶ್ರಯಿಸಬೇಕಾಗುವುದು. ಈಸ್ಟ್ ಇಂಡಿಯಾ ಕಂಪನಿಯ ವ್ಯಾಪಾರವು ರಾಜ್ಯಭಾರವಾಗಿ ಪರಿಣಮಿಸಿದ ಮೇಲೆ ಈ ಸಂಗತಿಯು ಸ್ಪಷ್ಟವಾಯಿತು. ಹದಿನಾರು ಹದಿನೆಂಟು ವರುಷದ ತರುಣರು ಹಡಗಿನಿಂದಿಳಿದು, ಸ್ವಲ್ಪ ಕಾಲದಲ್ಲಿಯೇ ಕಂದಾಯವನ್ನೂ ವ್ಯಾಜ್ಯಗಳನ್ನೂ ನಿರ್ಣಯಿಸತಕ್ಕವರಾಗುತ್ತಿದ್ದರು.

ಈ ಕೊರತೆಯನ್ನು ನೀಗಲು ಗವರ್ನರ್ ಜನರಲ್ ವೆಲ್ಲೆಸ್ಲಿಯು 1800ರಲ್ಲಿ ಕಲ್ಕತ್ತೆಯಲ್ಲಿ ಫೋರ್ಟ್ ವಿಲಿಯಂ ಕಾಲೇಜನ್ನು ಸ್ಥಾಪಿಸಿದನು. ಶ್ರೀರಂಗಪಟ್ಟಣವು ಬಿದ್ದು ಒಂದು ವರ್ಷ ತುಂಬಿದುದರ ನೆನಪಿಗಾಗಿ ಅದರ ಶಾಸನಕ್ಕೆ ಮೇ 4ನೆಯ ತಾರೀಖನ್ನೇ ಹಾಕಿಸಿದನು. ವಿದ್ಯಾಲಯದ ಜಾತಕದಲ್ಲಿಯೇ ವಿಜಯದ ಮುದ್ರೆ ಬಿದ್ದಿತೆಂಬುದನ್ನು ಕನ್ನಡಿಗರು ಮರೆಯಲಾಗದು. ಲಂಡನ್ನಿನ ನಿರ್ದೇಶಕರಿಗೆ ಈ ವೆಚ್ಚವು ರುಚಿಸಲಿಲ್ಲ. 1806ರಲ್ಲಿ ಅವರು ಇಂಗ್ಲೆಂಡಿನಲ್ಲಿಯೇ ಬೇರೊಂದು ಕಾಲೇಜನ್ನು ತೆರೆದರು. ಆದರೆ ಸಮುದ್ರದಾಚೆ ಕಲಿತ ಶಬ್ದಕ್ಕೆ ಸಂತೆಯ, ಚಾವಡಿಯ ಬಳಕೆ ದೊರೆಯುವುದೆಂತು?

1812ರಲ್ಲಿ ಎಲ್ಲಿಸ್ ಎಂಬ ಅಧಿಕಾರಿಯ ಪ್ರಯತ್ನದಿಂದ ಮದರಾಸಿನಲ್ಲಿ ಫೋರ್ಟ್ ಸೇಂಟ್ ಜಾರ್ಜ್ ಕಾಲೇಜು ಹುಟ್ಟಿತು. ತಮಿಳು, ತೆಲುಗು, ಕನ್ನಡ ಮೊದಲಾದ ದಕ್ಷಿಣದ ನುಡಿಗಳು ಅಲ್ಲಿ ಪಾಠವಾದುವು. ಆಂಗ್ಲ ತರುಣರಿಗೆ ಮಾತ್ರವಲ್ಲದೆ, ಅವರಿಗೆ ಕಲಿಸತಕ್ಕ ದೇಶೀಯ ಉಪಾಧ್ಯಾಯರಿಗೂ ಅಲ್ಲಿ ಶಿಕ್ಷಣವಿದ್ದುದು ವಿಶೇಷ. ಕಲಿಸುವವನು ಸಿದ್ಧನಾಗದೆ ಕಲಿಯುವವನು ಸಿದ್ಧನಾಗನೆಂಬ ತತ್ತ್ವವನ್ನು ಅದರ ಕರ್ತರು ಬಲ್ಲವರಾಗಿದ್ದರು.

ಫಲವು ಉದ್ದೇಶವನ್ನೂ ಮೀರಿತು. ತೆಲುಗು ಪಂಡಿತರಾದ ಪಟ್ಟಾಭಿರಾಮಶಾಸ್ತ್ರಿಗಳ ಧಾತುಮಾಲೆಯನ್ನು ಬಳಸಿಕೊಂಡು ಎಲ್ಲಿಸನು, ತಮಿಳು, ತೆಲುಗು, ಕನ್ನಡಗಳು ಸಂಸ್ಕೃತಜನ್ಯಗಳಲ್ಲ, ಒಂದೇ ಕುಲದವೆಂದು 1816ರಲ್ಲಿ ತೋರಿಸಿದನು. ಕಾಲ್ಡ್‌ವೆಲ್ಲನ ಪ್ರಸಿದ್ಧ ಗ್ರಂಥವು ಬಂದುದು ನಲವತ್ತು ವರ್ಷಗಳ ಬಳಿಕ, 1856ರಲ್ಲಿ. ಸಿವಿಲ್ ಅಧಿಕಾರಿಯಾದ ಮೆಕೆರೆಲ್ಲನ ಕನ್ನಡ ವ್ಯಾಕರಣವೂ 1820ರಲ್ಲಿ ಮದರಾಸಿನಲ್ಲಿಯೇ ಅಚ್ಚಾಯಿತು.

ಆದರೂ ಒಂದು ನ್ಯೂನತೆ ಉಳಿಯಿತು. ಕಲ್ಕತ್ತೆಯ ಬಂಗಾಳಿ ವಿಭಾಗದಲ್ಲಿ 1801ರಲ್ಲಿ ಕೇರಿಗೆ ತಿಂಗಳಿಗೆ 500 ರೂಪಾಯಿ. ಪ್ರಧಾನಪಂಡಿತ ಮೃತ್ಯುಂಜಯ ವಿದ್ಯಾಲಂಕಾರರಿಗೆ 200. ಶಿಷ್ಯನು ನಾಳೆ ಪ್ರಭುವಾಗುವನು, ಗುರುವು ಎಂದಿಗೂ ಸೇವಕನೇ. ಗುರುವಿನಿಂದ ಭಾಷೆಯನ್ನು ಪಡೆದವರು ಅವನಿಗೆ ಸಮಾನತೆಯನ್ನು ಕೊಡಲಿಲ್ಲ.

ಪರರನ್ನು ಅರಿಯಲು ಆಯಾ ದೇಶದಲ್ಲಿಯೇ, ಆಯಾ ಜನರಿಂದಲೇ ಕಲಿಯತಕ್ಕದ್ದೆಂಬ ಪಾಠವನ್ನು ಈ ಕಾಲೇಜುಗಳು ಉಳಿಸಿಹೋದುವು. ಆಳುವುದಕ್ಕಾಗಿ ಕಲಿತ ವಿದ್ಯೆಯು ಮಾತನ್ನು ತಿಳಿಸಬಲ್ಲುದು. ಆಡಿದವನ ಮನಸ್ಸು ತಿಳಿಯಬೇಕಾದರೆ ಕಲಿಯುವವನಿಗೆ ವಿನಯವೂ ಬೇಕು.