ಗುರುಕಾಣಿಕೆ: ರೋಮಿನಿಂದ ಬಾಸ್ಟನ್ನಿನವರೆಗೆ



ಕಳೆದ ಡಿಸೆಂಬರ್ ಮೊದಲ ವಾರದಲ್ಲಿ, ಅಮೆರಿಕದ ಬಾಸ್ಟನ್ ಸಮೀಪದಲ್ಲಿ ನೆಲೆಸಿರುವ ನನ್ನ ಮಗಳು ದೂರವಾಣಿಯಲ್ಲಿ ಒಂದು ಪ್ರಶ್ನೆ ಕೇಳಿದಳು. "ಅಪ್ಪಾ, ಕ್ರಿಸ್ಮಸ್ ರಜೆಗೆ ಮುಂಚೆ ಪುಟ್ಟನ ಟೀಚರಿಗೆ ಏನಾದರೂ ಉಡುಗೊರೆ ಕೊಡುವುದು ಇಲ್ಲಿ ಪದ್ಧತಿ. ಕ್ಲಾಸಿನಲ್ಲಿ ಸಹಾಯಕ್ಕೆ ಇನ್ನೊಬ್ಬರೂ ಇದ್ದಾರೆ. ಖರ್ಚು ಹೆಚ್ಚಾಗಬಾರದು, ಕೊಟ್ಟದ್ದು ಚೆನ್ನಾಗಿಯೂ ಇರಬೇಕು. ನೀವು ಮೇಷ್ಟ್ರಾಗಿದ್ದವರಲ್ಲವೇ, ಏನು ಕೊಡಲಿ ಹೇಳಿ" ಎಂದಳು. ಮೂವತ್ತು ವರ್ಷ ಸಮಾಜ ವಿಜ್ಞಾನ ಕಲಿಸಿದವನಿಗೆ ಯಾವ ಪ್ರಶ್ನೆಗೂ ಇತಿಹಾಸದಿಂದಲೇ ಉತ್ತರ ಹೇಳುವ ಚಾಳಿ. "ಎರಡು ದಿನ ಬಿಟ್ಟು ಹೇಳುತ್ತೇನೆ ಮಗಳೇ" ಎಂದು ಪುಸ್ತಕದ ಕಪಾಟು ತೆರೆದು ಕುಳಿತೆ. ಅಲ್ಲಿ ಕಂಡದ್ದನ್ನು ನಿಮ್ಮೊಡನೆಯೂ ಹಂಚಿಕೊಳ್ಳೋಣವೆನಿಸಿತು.

ಡಿಸೆಂಬರ್ ತಿಂಗಳ ಉಡುಗೊರೆ ಕ್ರಿಸ್ಮಸ್ ಹಬ್ಬಕ್ಕಿಂತ ಹಳೆಯದು. ಪ್ರಾಚೀನ ರೋಮಿನಲ್ಲಿ ಡಿಸೆಂಬರ್ 17ರಂದು 'ಸ್ಯಾಟರ್ನೇಲಿಯಾ' ಎಂಬ ಹಬ್ಬ ಆರಂಭವಾಗುತ್ತಿತ್ತು. ಶಾಲೆಗಳಿಗೆ ರಜೆ. ಜನರು ಒಬ್ಬರಿಗೊಬ್ಬರು ಮೇಣದ ಬತ್ತಿ, ಮಣ್ಣಿನ ಬೊಂಬೆಗಳನ್ನು ಕೊಟ್ಟುಕೊಳ್ಳುತ್ತಿದ್ದರು. ಮಾರ್ಷಿಯಲ್ ಎಂಬ ಕವಿ ಕ್ರಿ.ಶ. ಮೊದಲನೆಯ ಶತಮಾನದ ಕೊನೆಯ ಭಾಗದಲ್ಲಿ ಇಂತಹ ಉಡುಗೊರೆಗಳ ಜೊತೆಗಿಡಲು ಎರಡೆರಡು ಸಾಲಿನ ಪದ್ಯಗಳ ಪುಸ್ತಕವನ್ನೇ ಬರೆದನು. ಅದರಲ್ಲಿ ಶ್ರೀಮಂತರ ಕೊಡುಗೆಯನ್ನೂ ಬಡವರ ಕೊಡುಗೆಯನ್ನೂ ಒಂದಾದ ಮೇಲೊಂದರಂತೆ ಜೋಡಿಸಿದ್ದಾನೆ. ಬರೆಯುವ ಹಲಗೆ, ಬಾಚಣಿಗೆ, ಹಲ್ಲುಕಡ್ಡಿ ಕೂಡ ಆ ಪಟ್ಟಿಯಲ್ಲಿವೆ. ಕಡಿಮೆ ಬೆಲೆಯ ಉಡುಗೊರೆಯ ಚಿಂತೆ ನನ್ನ ಮಗಳಿಗೆ ಮಾತ್ರ ಬಂದದ್ದಲ್ಲವೆಂದು ಇದರಿಂದ ತಿಳಿಯುತ್ತದೆ.

ಉಪಾಧ್ಯಾಯರಿಗೂ ಇದರಲ್ಲಿ ಪಾಲಿತ್ತು. ನಾಲ್ಕನೆಯ ಶತಮಾನದ ಕೊನೆಯಲ್ಲಿದ್ದ ಸಂತ ಜೆರೋಮ್, ಮಕ್ಕಳನ್ನು ಲೌಕಿಕ ವಿದ್ಯೆಗೆ ಕಳುಹಿಸುವ ಕ್ರೈಸ್ತ ಪಾದ್ರಿಗಳನ್ನು ಆಕ್ಷೇಪಿಸುವಾಗ ಅಧ್ಯಾಪಕರಿಗೆ ಸಲ್ಲುತ್ತಿದ್ದ ಮೂರು ಕಾಣಿಕೆಗಳನ್ನು ಹೆಸರಿಸುತ್ತಾನೆ: ಹೊಸ ವರ್ಷದ ಕಾಣಿಕೆ, ಸ್ಯಾಟರ್ನೇಲಿಯಾದ ಕಾಣಿಕೆ, ವಿದ್ಯಾದೇವತೆ ಮಿನರ್ವಾಳ ಹಬ್ಬದ ಕಾಣಿಕೆ.

ಆ ಕಾಣಿಕೆ ಪ್ರೀತಿಯದೋ, ಹೊಟ್ಟೆಪಾಡಿನದೋ? ಕ್ರಿ.ಶ. 301ರಲ್ಲಿ ಚಕ್ರವರ್ತಿ ಡಯೋಕ್ಲೀಷಿಯನ್ ಹೊರಡಿಸಿದ ಬೆಲೆ ನಿಗದಿಯ ಆಜ್ಞೆಯನ್ನು ನೋಡಿದರೆ ಉತ್ತರ ಸಿಗುತ್ತದೆ. ಅಕ್ಷರ ಕಲಿಸುವ ಉಪಾಧ್ಯಾಯನಿಗೆ ಒಬ್ಬ ಹುಡುಗನಿಗೆ ತಿಂಗಳಿಗೆ 50 ದಿನಾರಿಯಸ್ ಗರಿಷ್ಠ ಶುಲ್ಕ. ಹೊಲದ ಕೂಲಿಯವನಿಗೆ ಊಟ ಹಾಕಿ ದಿನಕ್ಕೆ 25. ತಿಂಗಳಿಡೀ ದುಡಿದ ಕೂಲಿಯವನಿಗೆ 750. ಅಷ್ಟನ್ನು ಸಂಪಾದಿಸಲು ಮೇಷ್ಟರಿಗೆ ಹದಿನೈದು ಮಕ್ಕಳು ಬೇಕು, ಅದೂ ಊಟವಿಲ್ಲದೆ! ಹಬ್ಬದ ಕಾಣಿಕೆ ಇಂತಹವನಿಗೆ ಸಂಬಳದ ಒಂದು ಭಾಗವೇ ಆಗಿರಬೇಕು.

ಅದೇ ಆಜ್ಞೆಯಲ್ಲಿ ಇನ್ನೊಬ್ಬನಿಗೂ 50 ದಿನಾರಿಯಸ್ ಗೊತ್ತುಪಡಿಸಿದೆ. ಅವನೇ 'ಪೆಡಗಾಗಸ್'. ಮಗುವನ್ನು ಶಾಲೆಗೆ ಕರೆದೊಯ್ದು, ಪಾಠ ಒಪ್ಪಿಸಿಕೊಂಡು, ನಡತೆ ತಿದ್ದಿ ಮನೆಗೆ ಕರೆತರುವವನು, ಸಾಮಾನ್ಯವಾಗಿ ಗುಲಾಮ. ಬಿ.ಇಡಿ. ಓದುವಾಗ 'ಪೆಡಗಾಜಿ' ಎಂಬ ಪದವನ್ನು ನಾವು ಬಾಯಿಪಾಠ ಮಾಡಿದೆವು. ಆ ಪದದ ಬುಡದಲ್ಲಿ ನಿಂತಿರುವವನು ಮೇಷ್ಟರಲ್ಲ, ಮಗುವಿನ ಕೈಹಿಡಿದ ಸೇವಕ ಎಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಮೇಷ್ಟರಿಗೆ ಬರುವ ಅಲ್ಪ ಶುಲ್ಕದಲ್ಲೂ ಈತ ಒಂದು ತುಣುಕು ಕಚ್ಚಿಕೊಳ್ಳುತ್ತಾನೆಂದು ಜುವೆನಲ್ ಎಂಬ ಕವಿ ಗೇಲಿ ಮಾಡಿದ್ದಾನೆ. ಕೊಡುವವರು ಇವನನ್ನು ಮರೆತದ್ದರಿಂದಲೇ ಅವನು ಕಚ್ಚಿಕೊಳ್ಳಬೇಕಾಯಿತೋ ಏನೋ!

ನಮ್ಮ ನಾಡಿನ ಕೂಲಿಮಠಗಳ ಐಗಳ ಸ್ಥಿತಿಯೂ ಇದಕ್ಕಿಂತ ಬೇರೆಯಾಗಿರಲಿಲ್ಲ. ಮಹಾನವಮಿ ಬಂತೆಂದರೆ ಮಕ್ಕಳು ಗುರುಗಳೊಡನೆ ಮನೆಮನೆಗೆ ಹೋಗಿ ಚೌಪದ ಹಾಡಿ ಕಾಣಿಕೆ ತರುತ್ತಿದ್ದುದನ್ನು ನಿಮ್ಮ ಮನೆಯ ಹಿರಿಯರು ಹೇಳಿದ್ದು ನೆನಪಿರಬಹುದು. ಹಾಡು ಎಲ್ಲರದು, ಕಾಣಿಕೆ ಮನೆಯವರದು. ಯಾವ ಹುಡುಗ ಎಷ್ಟು ತಂದನೆಂಬ ಲೆಕ್ಕ ಮುಂದೆ ಬರುತ್ತಿರಲಿಲ್ಲ.

ಸ್ಕಾಟ್ಲೆಂಡಿನಲ್ಲಿ ಆ ಲೆಕ್ಕವೇ ಮುಂದೆ ಬಂದಿತು. ಅಲ್ಲಿನ ಪ್ರೆಸ್ಬಿಟೇರಿಯನ್ ಚರ್ಚು ಕ್ರಿಸ್ಮಸ್ ಆಚರಣೆಯನ್ನೇ ಒಪ್ಪುತ್ತಿರಲಿಲ್ಲ. ಆ ದಿನ ಅಲ್ಲಿ ಸಾರ್ವಜನಿಕ ರಜೆಯಾದದ್ದು 1958ರಲ್ಲಿ. ಮೇಷ್ಟರಿಗೆ ಕಾಣಿಕೆ ಸಲ್ಲುತ್ತಿದ್ದುದು ಫೆಬ್ರವರಿ 2ರ 'ಕ್ಯಾಂಡಲ್‌ಮಸ್' ದಿನ. ಹತ್ತೊಂಬತ್ತನೆಯ ಶತಮಾನದವರೆಗೂ ಅನೇಕ ಶಾಲೆಗಳಲ್ಲಿ ಅಂದು ಮಕ್ಕಳು ಒಬ್ಬೊಬ್ಬರಾಗಿ ಮೇಷ್ಟರ ಮೇಜಿನ ಬಳಿಗೆ ಬಂದು ಹಣ ಇಡುತ್ತಿದ್ದರು. ಮೊತ್ತಕ್ಕೆ ತಕ್ಕಂತೆ ಲ್ಯಾಟಿನ್ ಭಾಷೆಯಲ್ಲಿ ಜಯಕಾರ. ಎಲ್ಲರಿಗಿಂತ ಹೆಚ್ಚು ಕೊಟ್ಟ ಹುಡುಗ 'ರಾಜ', ಹುಡುಗಿ 'ರಾಣಿ'. ಕಡಿಮೆ ತಂದ ಮಗು ಆ ಜಯಕಾರದ ನಡುವೆ ತನ್ನ ಜಾಗಕ್ಕೆ ಹೇಗೆ ಹಿಂದಿರುಗಿತೆಂದು ಊಹಿಸಿಕೊಳ್ಳಿ.

ನಾನು ಊಹಿಸಿಕೊಳ್ಳಬೇಕಾಗಿಲ್ಲ. ಇದನ್ನು ಇದುವರೆಗೆ ಎಲ್ಲಿಯೂ ಬರೆದಿರಲಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಒಂದು ಹೋಬಳಿ ಊರಿನ ಪ್ರೌಢಶಾಲೆಯಲ್ಲಿ ನಾನು ಒಂಬತ್ತನೆಯ ತರಗತಿಯ ಕ್ಲಾಸ್ ಮೇಷ್ಟ್ರು. ಶಿಕ್ಷಕರ ದಿನಾಚರಣೆಗೆ ಮಕ್ಕಳು ಚಂದಾ ಎತ್ತಿ ನನಗೊಂದು ಗೋಡೆ ಗಡಿಯಾರ ಕೊಡಬೇಕೆಂದು ಗೊತ್ತುಮಾಡಿದರು. ಲೀಡರ್ ಹುಡುಗ ಕೊಟ್ಟವರ ಹೆಸರನ್ನೂ ಹಣವನ್ನೂ ಕಪ್ಪುಹಲಗೆಯ ಮೂಲೆಯಲ್ಲಿ ಬರೆದಿಟ್ಟಿದ್ದ: ಇವನದು ಐದು ರೂಪಾಯಿ, ಅವಳದು ಎರಡು. ನಾನು ಅದನ್ನು ನೋಡಿದೆ. ಒರೆಸಲಿಲ್ಲ. ನಿಜ ಹೇಳಬೇಕೆಂದರೆ ಮನಸ್ಸಿನೊಳಗೆ ಹಿಗ್ಗಿದೆ. ಪಟ್ಟಿಯಲ್ಲಿ ಒಬ್ಬ ಹುಡುಗನ ಹೆಸರಿನ ಮುಂದೆ ಏನೂ ಇರಲಿಲ್ಲ. ಅವನು ನಾಲ್ಕು ದಿನ ಶಾಲೆಗೆ ಬರಲಿಲ್ಲ. ಬಂದಾಗ ಕೇಳಿದೆ. "ಜ್ವರ ಸಾರ್" ಎಂದ. ಅದು ಜ್ವರವಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ನಾನು ಹಾಜರಿ ಪುಸ್ತಕ ಮುಚ್ಚಿ ಪಾಠ ಆರಂಭಿಸಿದೆ. ಅವನ ಹತ್ತಿರ ಎರಡು ಮಾತು ಆಡಬಹುದಾಗಿತ್ತು, ಆಡಲಿಲ್ಲ. ಆ ಗಡಿಯಾರ ಇಂದಿಗೂ ನಮ್ಮ ನಡುಮನೆಯಲ್ಲಿದೆ.

ಅಮೆರಿಕದ ಹಳ್ಳಿಶಾಲೆಗಳ ಹಿಂದಿನ ಕಥೆ ತಮಾಷೆಯದು. ಸಂಬಳ ಅಲ್ಪ, ಮೇಷ್ಟರು ವಾರಕ್ಕೊಂದು ವಿದ್ಯಾರ್ಥಿಯ ಮನೆಯಲ್ಲಿ ಸರದಿಯ ಮೇಲೆ ಉಂಡು ಮಲಗುವ ಏರ್ಪಾಡು. ಆದರೂ ಕ್ರಿಸ್ಮಸ್ ಬಂದರೆ ಮಕ್ಕಳಿಗೆ ಸೇಬು, ಮಿಠಾಯಿ ಹಂಚಬೇಕಾದವರು ಮೇಷ್ಟರೇ! ಒಪ್ಪದಿದ್ದರೆ ದೊಡ್ಡ ಹುಡುಗರು ಶಾಲೆಯ ಬಾಗಿಲು ಹಾಕಿಕೊಂಡು ಅವರನ್ನು ಹೊರಗೆ ನಿಲ್ಲಿಸುತ್ತಿದ್ದರು. ಈ ಬಾಗಿಲು ಹಾಕುವ ಪದ್ಧತಿ ಇಂಗ್ಲೆಂಡಿನಿಂದ ಬಂದದ್ದು. ಪ್ರಬಂಧಕಾರ ಅಡಿಸನ್ ಬಾಲ್ಯದಲ್ಲಿ ಲಿಚ್‌ಫೀಲ್ಡಿನ ಶಾಲೆಯಲ್ಲಿ ಇಂತಹ ದಂಡಿನ ನಾಯಕನಾಗಿದ್ದನೆಂದು ಡಾ. ಜಾನ್ಸನ್ ಬರೆದಿದ್ದಾರೆ.

ಸರ್ಕಾರಗಳು ಶಿಕ್ಷಕರಿಗೆ ಸಂಬಳ ಗೊತ್ತುಮಾಡಿದ ಮೇಲೆ ಕಾಣಿಕೆ ಹೊಟ್ಟೆಪಾಡಿನದಾಗಿ ಉಳಿಯಲಿಲ್ಲ, ಸಂತೋಷಕ್ಕೆ ಕೊಡುವಂತಹುದಾಯಿತು. ಆದರೆ ಹೊಸ ಅನುಮಾನವೊಂದು ಹುಟ್ಟಿತು: ಕೊಟ್ಟವರ ಮಗುವಿಗೆ ಹೆಚ್ಚು ಅಂಕವೇ? ಅಲಬಾಮಾ ರಾಜ್ಯದಲ್ಲಿ 2010ರಲ್ಲಿ ಬಿಗಿಯಾದ ನೀತಿ ಕಾನೂನು ಬಂತು. ಮರುವರ್ಷ ಅಲ್ಲಿನ ಆಯೋಗ, ಶಿಕ್ಷಕರು ಮಕ್ಕಳಿಂದ ಮನೆಯಲ್ಲಿ ಮಾಡಿದ ಬಿಸ್ಕತ್ತು, ಹಣ್ಣಿನ ಬುಟ್ಟಿ, ಕಾಫಿ ಲೋಟ ತೆಗೆದುಕೊಳ್ಳಬಹುದು, ಹಂದಿಮಾಂಸದ ಹ್ಯಾಮ್, ಟರ್ಕಿ ಕೋಳಿ, ಹಣದ ಬೆಲೆ ನಮೂದಾದ ಗಿಫ್ಟ್ ಕಾರ್ಡು ಕೂಡದು ಎಂದು ವಿವರಿಸಬೇಕಾಯಿತು.

ನನ್ನ ಮಗಳಿರುವ ಮಸಾಚುಸೆಟ್ಸ್ ರಾಜ್ಯದ ನಿಯಮ ನನ್ನ ಮನಸ್ಸಿಗೆ ತಟ್ಟಿತು. ಸರ್ಕಾರಿ ಶಾಲೆಯ ಶಿಕ್ಷಕರಿಗೆ ಒಬ್ಬರು 50 ಡಾಲರ್ ಅಥವಾ ಅದಕ್ಕೆ ಮೀರಿದ ಉಡುಗೊರೆ ಕೊಡುವಂತಿಲ್ಲ. ತರಗತಿಯವರೆಲ್ಲ ಸೇರಿ ಒಟ್ಟು 150 ಡಾಲರ್‌ವರೆಗಿನದನ್ನು ಕೊಡಬಹುದು. ಆದರೆ ಯಾರು ಕೊಟ್ಟರು, ಎಷ್ಟು ಕೊಟ್ಟರು ಎಂಬುದು ಶಿಕ್ಷಕರಿಗೆ ತಿಳಿಯಕೂಡದು. ಆ ಸಾಲನ್ನು ಎರಡು ಸಲ ಓದಿದೆ. ನನ್ನ ಕಪ್ಪುಹಲಗೆಯ ಮೂಲೆಯನ್ನು ಒರೆಸುವ ಬಟ್ಟೆ ಅದು. ನಿಯಮ ಮಾಡಿದವರ ಚಿಂತೆ ಲಂಚದ ಬಗ್ಗೆ ಇದ್ದಿರಬಹುದು. ಆದರೆ ಏನೂ ಕೊಡಲಾಗದ ಮಗುವಿನ ಮಾನವನ್ನೂ ಅದು ಕಾಯುತ್ತದೆ.

ಮಗಳಿಗೆ ಹೀಗೆ ಹೇಳಿದೆ: "ತರಗತಿಯ ಒಟ್ಟು ಉಡುಗೊರೆಗೆ ಕೈಲಾದಷ್ಟು ಹಾಕು, ಇತರರು ಎಷ್ಟು ಹಾಕಿದರೆಂದು ಕೇಳಬೇಡ. ನಿನ್ನದೇ ಏನಾದರೂ ಕೊಡಬೇಕೆಂದರೆ, ಊರಿಂದ ಒಯ್ದ ಚನ್ನಪಟ್ಟಣದ ಮರದ ಸಣ್ಣ ಸಾಮಾನುಗಳಿವೆಯಲ್ಲ, ಅದರಲ್ಲಿ ಒಂದು ಸಾಕು. ಅದರ ಜೊತೆಗೆ ಪುಟ್ಟನ ಕೈಯಲ್ಲಿ ನಾಲ್ಕು ಸಾಲು ಬರೆಸು. 'ನೀವು ಒಳ್ಳೆಯ ಟೀಚರ್' ಎಂದಲ್ಲ. ಈ ವರ್ಷ ಅವರಿಂದ ಏನು ಕಲಿತನೋ ಅದನ್ನು. ಆ ಸಹಾಯಕಿಗೆ ಕೊಡುವುದು ಟೀಚರಿಗೆ ಕೊಟ್ಟದ್ದಕ್ಕಿಂತ ಒಂದು ಕಾಸೂ ಕಡಿಮೆಯದಾಗಬಾರದು. ಕಾಗದದ ಮೇಲೆ ಅವರ ಹೆಸರನ್ನು ಸರಿಯಾಗಿ ಬರೆಸು."

"ಅಪ್ಪಾ, ಅವರ ಹೆಸರು ನನಗೇ ಗೊತ್ತಿಲ್ಲವಲ್ಲ!" ಎಂದಳು ಮಗಳು. ಪುಟ್ಟನಿಗೆ ಗೊತ್ತಿತ್ತು. ಊಟದ ಡಬ್ಬಿಯ ಮುಚ್ಚಳ ತೆಗೆದುಕೊಡುವವರು, ಬೂಟಿನ ಲೇಸು ಕಟ್ಟಿಕೊಡುವವರು ಅವರೇ ಅಂತೆ. ಕಾಗದದಲ್ಲಿ ಅದನ್ನೇ ಬರೆದನಂತೆ.

ನಿಮ್ಮಲ್ಲಿ ಅನೇಕರ ಕಾಗದಗಳು ನನ್ನ ಕಪಾಟಿನ ಕೆಳಗಿನ ಖಾನೆಯಲ್ಲಿವೆ. ಪೆನ್ನುಗಳು ಕಳೆದುಹೋದವು, ಶಾಲುಗಳು ಹಂಚಿಹೋದವು, ಕಾಗದಗಳು ಉಳಿದಿವೆ. ಒಂಬತ್ತನೆಯ ತರಗತಿಯ ಆ ಹುಡುಗ ಈಗ ಎಲ್ಲಿರುವನೋ. ಅವನು ಇದನ್ನು ಓದಿದರೆ, ಅವನ ಮೇಷ್ಟ್ರು ಆ ದಿನ ಆಡಬೇಕಾಗಿದ್ದ ಎರಡು ಮಾತನ್ನು ಇಲ್ಲಿ ಆಡಿದ್ದಾನೆಂದು ತಿಳಿಯಲಿ.

ಎಲ್ಲರಿಗೂ ಒಳಿತಾಗಲಿ.