ಹೇಳಿಕೊಂಡ ನಂತರ: ಸಲಿಂಗಪ್ರೇಮಿಯ ಆತ್ಮವಿಶ್ವಾಸ ಮತ್ತು ಅಭಿವ್ಯಕ್ತಿ – ಶಿಕಾರಿಪುರ, ಸೊರಬ ಸೀಮೆಯಿಂದ ಒಂದು ನೋಟ

ಸಾರಾಂಶ

ತಾನು ಸಲಿಂಗಪ್ರೇಮಿ ಎಂದು ಮನೆಯವರಿಗೆ, ಗೆಳೆಯರಿಗೆ ಹೇಳಿಕೊಂಡ ಗಂಡಸಿಗೆ ಮುಂದೆ ಆತ್ಮವಿಶ್ವಾಸ ಎಲ್ಲಿಂದ ಬರುತ್ತದೆ ಎಂಬುದು ಈ ಲೇಖನದ ಪ್ರಶ್ನೆ. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಸಾಂಸ್ಕೃತಿಕ ಚರಿತ್ರೆ, ಸಮಕಾಲೀನ ಕನ್ನಡದ ಎರಡು ನಿದರ್ಶನಗಳು, 2009ರಿಂದ ಈಚಿನ ಕಾನೂನಿನ ಏರಿಳಿತ, ಈ ಮೂರನ್ನೂ ಇಲ್ಲಿ ಒಟ್ಟಿಗಿಟ್ಟು ಓದಲಾಗಿದೆ. ಹೇಳಿಕೊಳ್ಳಲು ಎದೆಗಾರಿಕೆ ಬೇಕು ನಿಜ. ಆದರೆ ಹೇಳಿಕೊಂಡ ಮೇಲೆ ನೆಟ್ಟಗೆ ನಿಂತು ಬದುಕಲು ಕೇಳಿಸಿಕೊಂಡವರ ಅಭಯ ಬೇಕು ಎಂಬುದು ಲೇಖನದ ವಾದ.

1. ಪೀಠಿಕೆ

ಆಸ್ಟ್ರೇಲಿಯಾದ ಮನೋವಿಜ್ಞಾನಿ ವಿವಿಯನ್ ಕ್ಯಾಸ್ 1979ರಲ್ಲಿ ಮಂಡಿಸಿದ ಮಾದರಿಯಲ್ಲಿ ಸಲಿಂಗಪ್ರೇಮಿ ಆರು ಹಂತಗಳನ್ನು ದಾಟುತ್ತಾನೆ. ಗೊಂದಲದಿಂದ ಹೊರಟವನು ಹೋಲಿಕೆ, ಸಹನೆ, ಸ್ವೀಕಾರ, ಹೆಮ್ಮೆಗಳನ್ನು ಹಾದು ಕೊನೆಗೆ ಸಮನ್ವಯಕ್ಕೆ ಬರುತ್ತಾನೆ. ಈ ಮಾದರಿ ಸಲಿಂಗಪ್ರೇಮವನ್ನು ರೋಗವೆಂದು ನೋಡಲಿಲ್ಲ. ಆ ಉಪಕಾರ ದೊಡ್ಡದು. ಆದರೆ ಅದರ ಕೇಂದ್ರದಲ್ಲಿರುವುದು ಒಬ್ಬಂಟಿ ವ್ಯಕ್ತಿಯ ಮನಸ್ಸು. ಮಲೆನಾಡಿನ ಸೆರಗಿನ ಸಣ್ಣ ಊರಿನಲ್ಲಿ ಮನುಷ್ಯ ಮೊದಲು ಇಂಥವರ ಮನೆಯ ಹುಡುಗ, ಆಮೇಲೆ ವ್ಯಕ್ತಿ.

ಸೊರಬದ ಕಡೆ ಅಡಿಕೆ ಸುಲಿಯುವ ಕಾಲದ ರಾತ್ರಿಗಳನ್ನು ನೋಡಿದರೆ ಇದು ತಿಳಿಯುತ್ತದೆ. ಅಂಗಳದಲ್ಲಿ ಮೆಟ್ಟುಗತ್ತಿಗಳ ಮುಂದೆ ಹತ್ತಾರು ಮಂದಿ ಸಾಲಾಗಿ ಕೂತಿರುತ್ತಾರೆ. ಕೈ ಅದರ ಪಾಡಿಗೆ ಸುಲಿಯುತ್ತದೆ, ಬಾಯಿ ಊರಿನ ಮದುವೆಗಳ ಲೆಕ್ಕ ಹಾಕುತ್ತದೆ. ಮೂವತ್ತು ಸಮೀಪಿಸಿದ ಹುಡುಗ ಎದುರಿಗೆ ಬಂದರೆ, "ಏನಪ್ಪಾ, ನಮಗೆಲ್ಲ ಯಾವಾಗ ಊಟ ಹಾಕಿಸೋದು?" ಎಂಬ ಮಾತು ತಪ್ಪುವುದಿಲ್ಲ. ಕೇಳುವವರಲ್ಲಿ ಕೆಡುಕಿಲ್ಲ, ಅಕ್ಕರೆಯೇ ಇದೆ. ಆದರೆ ಗಂಡಿನ ಮೇಲೆ ಮನಸ್ಸಿಟ್ಟ ಹುಡುಗನಿಗೆ ಆ ಅಕ್ಕರೆಯ ಎದುರು ನಿಜ ಹೇಳಲು ಬಾಯಿ ಬರುವುದಿಲ್ಲ. ಹೇಳಿದರೆ ಮನೆಯ ಮರ್ಯಾದೆ, ತಂಗಿಯ ಸಂಬಂಧ, ಅಪ್ಪನ ತಲೆ ಎತ್ತಿದ ನಡಿಗೆ, ಎಲ್ಲವೂ ಒಟ್ಟಿಗೇ ಪ್ರಶ್ನೆಗೆ ಒಳಗಾಗುತ್ತವೆ.

ಹಾಗೆಂದು ಸಣ್ಣ ಊರನ್ನು ಬರೀ ಸೆರೆಮನೆಯೆಂದು ಬಗೆಯಲಾಗದು. ಅಮೆರಿಕದ ಕೆಂಟಕಿ ಸೀಮೆಯ ಹಳ್ಳಿಗಾಡಿನ ಯುವಜನರನ್ನು ಕುರಿತ 2009ರ ತಮ್ಮ ಗ್ರಂಥದಲ್ಲಿ ಸಂಶೋಧಕಿ ಮೇರಿ ಗ್ರೇ ಬೇರೊಂದು ಸತ್ಯವನ್ನು ತೋರಿಸಿದರು. ಅಪರಿಚಿತರ ನಡುವೆ ಮರೆಯಾಗಿ ಬದುಕುವ ಅನುಕೂಲ ನಗರದಲ್ಲಿದ್ದರೆ, ನಮ್ಮವನೆಂಬ ಗುರುತಿನ ಬಲ ಹಳ್ಳಿಯಲ್ಲಿದೆ. ಮಾತು ಕಟ್ಟಿಹಾಕುವ ಅದೇ ಪರಿಚಯ ಹೇಳಿಕೊಂಡವನನ್ನು ಕಾಯಲೂ ಬಲ್ಲದು. ಯಾವ ಸ್ಥಿತಿಯಲ್ಲಿ ಅದು ಕಾಯುತ್ತದೆ ಎಂಬುದನ್ನು ಈ ಸೀಮೆಯ ಚರಿತ್ರೆಯಲ್ಲೇ ಹುಡುಕಬೇಕು.

2. ಬಳ್ಳಿಗಾವಿ ಮತ್ತು ಉಡುತಡಿ: ಕೇಳಿಸಿಕೊಂಡ ಪರಂಪರೆ

ಅಲ್ಲಮಪ್ರಭುವಿನ ಬಳ್ಳಿಗಾವಿ, ಅಕ್ಕಮಹಾದೇವಿಯ ಉಡುತಡಿ ಎರಡೂ ಶಿಕಾರಿಪುರ ತಾಲ್ಲೂಕಿನವು. ಅರಸ ಕೌಶಿಕನ ಸಂಬಂಧವನ್ನು ತೊರೆದು ಹೊರಟ ಅಕ್ಕ ಶರಣರ ಕಲ್ಯಾಣ ಸೇರಿದಾಗ ಅವಳನ್ನು ಕಠಿಣವಾಗಿ ಪ್ರಶ್ನಿಸಿದವನು ಅಲ್ಲಮ. ಹದಿನೈದನೆಯ ಶತಮಾನದ ಶೂನ್ಯಸಂಪಾದನೆ ಈ ಮುಖಾಮುಖಿಯನ್ನು ವಿಸ್ತಾರವಾಗಿ ಕಟ್ಟಿಕೊಡುತ್ತದೆ. ಅಕ್ಕನನ್ನು ಇಂದಿನ ಲೈಂಗಿಕ ಗುರುತುಗಳ ಚೌಕಟ್ಟಿಗೆ ಎಳೆದು ತರುವುದು ಚರಿತ್ರೆಗೆ ಮಾಡುವ ಅನ್ಯಾಯ. ಇಲ್ಲಿ ಗಮನಿಸಬೇಕಾದದ್ದು ಆ ಪ್ರಸಂಗದ ರಚನೆ. ಲೋಕ ಗೊತ್ತುಮಾಡಿದ ಬಾಳುವೆಯನ್ನು ಒಪ್ಪದ ಒಬ್ಬ ಹೆಣ್ಣು ತುಂಬಿದ ಸಭೆಯಲ್ಲಿ ನಿಲ್ಲುತ್ತಾಳೆ. ತನ್ನ ದೇಹ, ತನ್ನ ಒಲವು, ತನ್ನ ಆಯ್ಕೆಗಳ ಬಗ್ಗೆ ತನ್ನದೇ ನುಡಿಯಲ್ಲಿ ಉತ್ತರ ಕೊಡುತ್ತಾಳೆ. ಸಭೆ ಕೊನೆಯವರೆಗೂ ಕೇಳಿ ಅವಳನ್ನು ತನ್ನೊಳಗೆ ಸೇರಿಸಿಕೊಳ್ಳುತ್ತದೆ. ಉತ್ತರ ಕೊಡುವ ಧೈರ್ಯ ಅವಳದು. ಆ ಧೈರ್ಯಕ್ಕೆ ನೆಲೆಯಾದದ್ದು ಸಭೆಯ ತಾಳ್ಮೆ.

ಇದಕ್ಕೆ ಹೊಂದುವ ಇನ್ನೊಂದು ಆಧಾರ ಬಳ್ಳಿಗಾವಿಯಲ್ಲೇ ಇದೆ. ಕಾಳಾಮುಖ ಶೈವರ ಕೋಡಿಯಮಠವನ್ನು ಬಣ್ಣಿಸುವ 1162ರ ಶಾಸನ ಅಲ್ಲಿನ ವೇದ, ವ್ಯಾಕರಣ, ದರ್ಶನಗಳ ಅಧ್ಯಯನವನ್ನು ಹೇಳಿ ಅಷ್ಟಕ್ಕೇ ನಿಲ್ಲುವುದಿಲ್ಲ. ದೀನರು, ಕುರುಡರು, ಕಿವುಡರು, ಹಾಡುವವರು, ಕುಣಿಯುವವರು, ಬೇರೆ ಬೇರೆ ಮತಗಳ ಭಿಕ್ಷುಗಳು ಅನ್ನ ಪಡೆಯುವ ತಾಣ, ಅನಾಥ ರೋಗಿಗಳಿಗೆ ಔಷಧ ಸಿಗುವ ತಾಣ, ಸಕಲ ಜೀವಿಗಳಿಗೆ ಅಭಯ ನೀಡುವ ತಾಣ ಎಂದು ಅದನ್ನು ಹೊಗಳುತ್ತದೆ. ಅಭಯವನ್ನು ಒಂದು ಸಂಸ್ಥೆಯ ಕರ್ತವ್ಯವೆಂದು ಕಲ್ಲಿನಲ್ಲಿ ಕೊರೆಸಿದ ಊರು ಇದು. ಇಂದಿನ ಮನೋವಿಜ್ಞಾನವೂ ಇಲ್ಲಿಗೇ ಬಂದು ಮುಟ್ಟುತ್ತದೆ. ಸಲಿಂಗಪ್ರೇಮಿಗಳಲ್ಲಿ ಕಾಣುವ ಖಿನ್ನತೆ, ಆತಂಕಗಳಿಗೆ ಕಾರಣ ಅವರ ಒಲವಿನಲ್ಲಿಲ್ಲ, ಸುತ್ತಲಿನ ತಾರತಮ್ಯದಲ್ಲೂ ಸದಾ ಮುಚ್ಚಿಟ್ಟುಕೊಳ್ಳಬೇಕಾದ ಒತ್ತಡದಲ್ಲೂ ಇದೆ ಎಂದು ಸಂಶೋಧಕ ಇಲಾನ್ ಮೇಯರ್ 2003ರಲ್ಲಿ ಪ್ರತಿಪಾದಿಸಿದರು.

3. ಚಂದ್ರಗುತ್ತಿ ಮತ್ತು ಚೌಕಿ: ವೇಷಕ್ಕೆ ಸಿಕ್ಕ ಜಾಗ

ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ರೇಣುಕಾಂಬೆಯ ಗುಹಾದೇಗುಲವಿದೆ. ರೇಣುಕೆ–ಎಲ್ಲಮ್ಮನ ಆರಾಧನೆ ಹಬ್ಬಿದ ಸೀಮೆಗಳಲ್ಲಿ ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುವ ಜೋಗಪ್ಪಗಳಿಗೆ, ಜೋಗತಿಯರಿಗೆ ಮೊದಲಿಂದ ಒಂದು ಸ್ಥಾನವಿದೆ. ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿಯವರ ಬಾಳು ಇದಕ್ಕೆ ಸಾಕ್ಷಿ. ಮನೆಯಿಂದ ದೂರವಾಗಿ ಸಾವಿನ ಅಂಚಿನವರೆಗೂ ಹೋಗಿಬಂದ ಅವರು ಕಾಳವ್ವ ಜೋಗತಿಯವರಿಂದ ಜೋಗತಿ ಕುಣಿತ ಕಲಿತರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪಡೆದರು. ಒಬ್ಬ ಗುರು, ಒಂದು ಕಲೆ, ಜೊತೆಗೆ ಕುಣಿಯುವ ಒಂದು ಮೇಳ: ಇವುಗಳಿಂದ ಆತ್ಮವಿಶ್ವಾಸ ಕಟ್ಟಿಕೊಂಡದ್ದಕ್ಕೆ ಕನ್ನಡದಲ್ಲಿ ಇದಕ್ಕಿಂತ ದೊಡ್ಡ ಉದಾಹರಣೆ ಸಿಗುವುದು ಕಷ್ಟ.

ಆದರೆ ಲಿಂಗ ಗುರುತು ಬೇರೆ, ಪ್ರೇಮದ ಒಲವು ಬೇರೆ. ಪರಂಪರೆ ಜಾಗ ಬಿಟ್ಟುಕೊಟ್ಟದ್ದು ಸೀರೆಯುಟ್ಟು ದೇವಿಗೆ ಒಪ್ಪಿಸಿಕೊಂಡವರಿಗೆ. ಗಂಡಾಗಿಯೇ ಇದ್ದು ಗಂಡನ್ನು ಪ್ರೀತಿಸುವ, ಬೆಳಗ್ಗೆ ತೋಟಕ್ಕೆ ಹೋಗಿ ಸಂಜೆ ಸೊಸೈಟಿ ಮುಂದೆ ಮಾತಿಗೆ ನಿಲ್ಲುವ ಹುಡುಗನಿಗೆ ಆ ಪರಂಪರೆಯಲ್ಲಿ ಸಿದ್ಧ ಪಾತ್ರವಿಲ್ಲ. ಈ ಭಾಗದವರು ನಿದ್ದೆಗೆಟ್ಟು ನೋಡುವ ಯಕ್ಷಗಾನದಲ್ಲೂ ಇದೇ ಮಿತಿ. ಸ್ತ್ರೀವೇಷದ ಗಂಡಸಿನ ನಾಚಿಕೆ, ನಡಿಗೆ, ಕಣ್ಣೋಟಗಳಿಗೆ ಇಡೀ ಊರು ಮನಸೋಲುತ್ತದೆ. ಬೆಳಗಿನ ಜಾವ ಚೌಕಿಯಲ್ಲಿ ಬಣ್ಣ ತೆಗೆದ ಮೇಲೆ ಅಂಥದೇ ಮೆದು ನಡಿಗೆಯ ಹುಡುಗ ಪೇಟೆಯಲ್ಲಿ ಕಂಡರೆ ಅದೇ ಊರು ಗೇಲಿ ಮಾಡುತ್ತದೆ. ಸ್ತ್ರೀವೇಷ ಒಂದು ಕಲೆ. ಕಲಾವಿದರ ಖಾಸಗಿ ಒಲವಿಗೂ ಅದಕ್ಕೂ ಗಂಟು ಹಾಕಬೇಕಿಲ್ಲ. ಇಲ್ಲಿ ಪ್ರಶ್ನೆಯಿರುವುದು ನೋಡುವವರ ಕಣ್ಣಿಗೆ. ವೇಷಕ್ಕೆ ಕೊಟ್ಟ ಮನ್ನಣೆಯನ್ನು ವೇಷವಿಲ್ಲದ ಮನುಷ್ಯನಿಗೂ ಕೊಡುವುದು ಇನ್ನೂ ಬಾಕಿ ಇದೆ.

ಚಂದ್ರಗುತ್ತಿಯೇ ಮತ್ತೊಂದು ಎಚ್ಚರಿಕೆಯನ್ನೂ ಕೊಡುತ್ತದೆ. ಭಕ್ತರು ಹರಕೆಗಾಗಿ ಬೆತ್ತಲೆಯಾಗಿ ಗುಡಿಗೆ ನಡೆಯುತ್ತಿದ್ದ ಬೆತ್ತಲೆ ಸೇವೆ, ಅದನ್ನು ವಿರೋಧಿಸಿದವರಿಗೂ ಭಕ್ತರಿಗೂ ನಡೆದ 1986ರ ಘರ್ಷಣೆಯ ನಂತರ ಅಲ್ಲಿ ನಿಷೇಧಕ್ಕೆ ಒಳಗಾಯಿತು. ಹರಕೆಯ ಹೆಸರಿನಲ್ಲಿ ದೇಹದ ಮೇಲೆ ಬೀಳುವ ಕಟ್ಟಳೆಯನ್ನು ಸ್ವಾಭಿವ್ಯಕ್ತಿ ಎಂದು ಕರೆಯಲಾಗದು ಎಂಬ ಅರಿವನ್ನು ಈ ಸೀಮೆ ಕಷ್ಟಪಟ್ಟೇ ಗಳಿಸಿದೆ.

4. ಕಗ್ಗಂಟಿನಿಂದ ಶಿಖರಕ್ಕೆ: 'ಮೋಹನಸ್ವಾಮಿ'

ಸಂಡೂರಿನಲ್ಲಿ ಹುಟ್ಟಿದ ವಸುಧೇಂದ್ರ 2013ರಲ್ಲಿ 'ಮೋಹನಸ್ವಾಮಿ' ಕಥಾಸಂಕಲನವನ್ನು ತಂದರು. ಜೊತೆಗಿದ್ದ ಗೆಳೆಯ ಹೆಣ್ಣನ್ನು ಮದುವೆಯಾಗಲು ಹೊರಟಾಗ ಒಳಗೇ ಕುಸಿಯುವ ಮೋಹನಸ್ವಾಮಿ 'ಕಗ್ಗಂಟು' ಕಥೆಯಲ್ಲಿದ್ದಾನೆ. ಹಳ್ಳಿಯ ಮೆದು ಸ್ವಭಾವದ ಹುಡುಗನೊಬ್ಬನ ದಾರುಣ ಪಾಡು 'ತಗಣಿ'ಯಲ್ಲಿದೆ. 'ಕಿಲಿಮಂಜಾರೋ' ಕಥೆಗೆ ಬರುವಷ್ಟರಲ್ಲಿ ಅದೇ ಮೋಹನಸ್ವಾಮಿ ಪರ್ವತ ಏರುತ್ತಾನೆ. ಈ ಕ್ರಮವನ್ನು ಕ್ಯಾಸ್ ಅವರ ಹಂತಗಳ ಪಕ್ಕದಲ್ಲಿಟ್ಟರೆ ವ್ಯತ್ಯಾಸ ಕಾಣುತ್ತದೆ. ಮಾದರಿಯಲ್ಲಿ ಮೆಟ್ಟಿಲುಗಳಿವೆ, ಕಥೆಗಳಲ್ಲಿ ಹಿಂದೆ ಜಾರುವುದು, ಅವಮಾನ ನೆನಪಾಗಿ ಮರಳುವುದು, ದೇವರ ಮೊರೆ ಹೋಗುವುದು ಎಲ್ಲವೂ ಇದೆ. ಆತ್ಮವಿಶ್ವಾಸ ಒಮ್ಮೆ ಗಳಿಸಿ ಇಟ್ಟುಕೊಳ್ಳುವ ಆಸ್ತಿಯಲ್ಲ, ದಿನದಿನವೂ ದುಡಿಯಬೇಕಾದ ಕೂಲಿ ಎಂಬುದು ಅವುಗಳ ಒಟ್ಟು ಅನುಭವ.

ಪುಸ್ತಕದ ನಂತರ ವಸುಧೇಂದ್ರ ತಾವು ಸಲಿಂಗಿ ಎಂದು ಬಹಿರಂಗವಾಗಿ ಹೇಳಿದರು. ಆಮೇಲೆ ನಡೆದ ಎರಡು ಸಂಗತಿಗಳು ನಮ್ಮ ವಾದಕ್ಕೆ ಹೆಚ್ಚು ಮುಖ್ಯ. ಮೊದಲನೆಯದು, ಓದುಗರು ಅವರನ್ನು ಹುಡುಕಿಕೊಂಡು ಬಂದು ತಮ್ಮ ಸಂಕಟ ತೋಡಿಕೊಂಡರು, ಬರೆದವರು ಕೇಳುವವರಾದರು. ಒಬ್ಬನ ಮಾತು ಹಲವರ ಬಾಯಿ ಬಿಡಿಸಿತು. ಎರಡನೆಯದು, 2019ರಲ್ಲಿ ಅವರು ಪೋರ್ಚುಗಲ್ಲಿನ ತೇಜೋ ನದಿಯಿಂದ ವಿಜಯನಗರದ ತುಂಗಭದ್ರೆಯವರೆಗೆ ಹರಡಿದ 'ತೇಜೋ-ತುಂಗಭದ್ರಾ' ಕಾದಂಬರಿಯನ್ನು ಬರೆದರು. ಮುಚ್ಚಿಡುವುದಕ್ಕೆ ವ್ಯಯವಾಗುತ್ತಿದ್ದ ಶಕ್ತಿ ಬಿಡುಗಡೆಯಾದರೆ ಮನುಷ್ಯ ತನ್ನ ಒಲವಿನ ಬಗ್ಗೆ ಮಾತ್ರವಲ್ಲ, ಜಗತ್ತಿನ ಯಾವುದರ ಬಗ್ಗೆಯೂ ಬರೆಯಬಲ್ಲ. ಸ್ವಾಭಿವ್ಯಕ್ತಿಯ ಪೂರ್ಣ ಅರ್ಥ ಇದೇ.

5. ಕಾನೂನು ಕೊಟ್ಟದ್ದು, ಕೊಡದೆ ಉಳಿಸಿದ್ದು

ಸಲಿಂಗ ಸಂಬಂಧವನ್ನು ಅಪರಾಧವಾಗಿಸಿದ್ದ 1860ರ ದಂಡಸಂಹಿತೆಯ 377ನೇ ಕಲಮನ್ನು ದೆಹಲಿ ಹೈಕೋರ್ಟ್ 2009ರ ಜುಲೈ 2ರಂದು ಮೊಟಕುಗೊಳಿಸಿತು. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ಅದಕ್ಕೆ ಮತ್ತೆ ಜೀವ ಕೊಟ್ಟಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅರ್ಜಿದಾರರಾಗಿದ್ದ ಖಾಸಗಿತನದ ಪ್ರಕರಣದಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಕೊಟ್ಟ ತೀರ್ಪು ದಾರಿ ತೆರೆಯಿತು. 2018ರ ಸೆಪ್ಟೆಂಬರ್ 6ರಂದು ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲವೆಂದು ಐವರು ನ್ಯಾಯಮೂರ್ತಿಗಳು ಒಮ್ಮತದಿಂದ ತೀರ್ಪಿತ್ತರು. ಮದುವೆಯ ಹಕ್ಕು ಮಾತ್ರ 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ದಕ್ಕಲಿಲ್ಲ. 2024ರ ಆಗಸ್ಟ್‌ನಲ್ಲಿ ಕೇಂದ್ರ ಹಣಕಾಸು ಸಚಿವಾಲಯ, ಇಂಥ ಸಂಗಾತಿಗಳು ಜಂಟಿ ಬ್ಯಾಂಕ್ ಖಾತೆ ತೆರೆಯಲು, ಒಬ್ಬರನ್ನೊಬ್ಬರು ನಾಮಿನಿ ಮಾಡಲು ಅಡ್ಡಿಯಿಲ್ಲವೆಂದು ಸ್ಪಷ್ಟಪಡಿಸಿತು. ಶಿಕಾರಿಪುರ ತಾಲ್ಲೂಕಿನ ಶಿರಾಳಕೊಪ್ಪದ ಬ್ಯಾಂಕಿನ ಕೌಂಟರಿನಲ್ಲೂ ಈ ಮಾತು ನಡೆಯಬೇಕು. ಅರ್ಜಿ ತುಂಬಿದವನನ್ನು ಮೇಲಿಂದ ಕೆಳಗೆ ನೋಡದೆ ಗುಮಾಸ್ತ ಸಹಿ ಹಾಕಿಸಿಕೊಂಡ ದಿನ ಹಕ್ಕು ಕಾಗದದಿಂದ ಬದುಕಿಗೆ ಇಳಿಯುತ್ತದೆ.

6. ಉಪಸಂಹಾರ

ಮೇಲಿನ ಓದಿನಿಂದ ಮೂರು ನಿಲುವುಗಳು ದೊರೆಯುತ್ತವೆ. ಹೇಳಿಕೊಂಡ ನಂತರದ ಆತ್ಮವಿಶ್ವಾಸಕ್ಕೆ ಮೊದಲು ಬೇಕಾದದ್ದು ಗುಟ್ಟು ಕಾಯುವ, ತೀರ್ಪು ಕೊಡದ ಒಬ್ಬ ಕೇಳುಗ. ಮನೆಯಲ್ಲಿ ಅದು ಅಕ್ಕನಾಗಿರಬಹುದು, ಹೊರಗೆ ಗೆಳೆಯನೋ ಮೇಷ್ಟರೋ ಆಗಿರಬಹುದು. ಎರಡನೆಯದು, ಕೈಯಲ್ಲೊಂದು ಕಲೆ ಅಥವಾ ಕಸುಬು. ಊರು ಮನುಷ್ಯನನ್ನು ಅವನ ಕೆಲಸದಿಂದ ಗೌರವಿಸಲು ಕಲಿತರೆ ಉಳಿದದ್ದನ್ನು ಒಪ್ಪುವ ದಾರಿ ಹತ್ತಿರವಾಗುತ್ತದೆ. ಮೂರನೆಯದು, ತನ್ನ ಅನುಭವಕ್ಕೆ ತನ್ನ ನುಡಿಯಲ್ಲೇ ಓದಲು ಸಿಗುವ ಬರಹ.

ಈ ಮೂರಕ್ಕೂ ತಾಲ್ಲೂಕು ಮಟ್ಟದಲ್ಲಿ ಈಗಿರುವ ವ್ಯವಸ್ಥೆಗಳೇ ಆಧಾರವಾಗಬಲ್ಲವು. ಲೈಂಗಿಕ ಒಲವಿನ ಆಧಾರದ ಮೇಲೆ ಮಾನಸಿಕ ಚಿಕಿತ್ಸೆಯಲ್ಲಿ ತಾರತಮ್ಯ ಕೂಡದೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆ. ತಾಲ್ಲೂಕು ಆಸ್ಪತ್ರೆಗಳ ಮನೋಚೈತನ್ಯ ಕ್ಲಿನಿಕ್‌ಗಳ ಸಿಬ್ಬಂದಿಗೆ ಈ ಬಗ್ಗೆ ತರಬೇತಿ ಸಿಗಬೇಕು. 14416 ಸಂಖ್ಯೆಯ ಟೆಲಿ-ಮಾನಸ್ ಸಹಾಯವಾಣಿಯ ವಿವರ ಕಾಲೇಜುಗಳ ಫಲಕದಲ್ಲಿರಬೇಕು. ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳ ಕಪಾಟಿನಲ್ಲಿ 'ಮೋಹನಸ್ವಾಮಿ'ಯೂ ಮಂಜಮ್ಮನವರ ಜೀವನಕಥನವೂ ಯಾರನ್ನೂ ಕೇಳದೆ ಕೈಗೆ ಎಟುಕುವಂತಿರಬೇಕು. ಹೇಳಿಕೊಳ್ಳುವ ಭಾರವನ್ನು ಈವರೆಗೆ ಹುಡುಗರೇ ಹೊತ್ತಿದ್ದಾರೆ. ಕೇಳಿಸಿಕೊಳ್ಳುವ ಹೊಣೆಯನ್ನು ಇನ್ನು ಮುಂದೆ ಊರು ಹೊರಬೇಕು.