ಗೃಹಬಳಕೆಯ ಜನರೇಟರ್ (ಪುತ್ತೂರು, ಸುಳ್ಯ ಮತ್ತು ಕಡಬ)

ಗೃಹಬಳಕೆಯ ಜನರೇಟರ್ ಎಂಬುದು ವಿದ್ಯುತ್ ಸರಬರಾಜು ನಿಂತಾಗ ಪೆಟ್ರೋಲ್, ಡೀಸೆಲ್ ಮುಂತಾದ ಇಂಧನದಿಂದ ಎಂಜಿನ್ ಓಡಿಸಿ ಮನೆಗೆ ಬೇಕಾದ ವಿದ್ಯುತ್ತನ್ನು ಉತ್ಪಾದಿಸುವ ಸಣ್ಣ ಯಂತ್ರ. ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು, ಸುಳ್ಯ ಮತ್ತು ಕಡಬ ತಾಲೂಕುಗಳ ಅನೇಕ ಗ್ರಾಮೀಣ ಮನೆಗಳಿಗೆ ಇದು ಮಳೆಗಾಲದ ಆಸರೆ. ಇದರ ಆಯ್ಕೆಯಲ್ಲಿ ತಪ್ಪಿದರೆ ಹಣ ನಷ್ಟವಾಗುತ್ತದೆ. ಬಳಕೆಯಲ್ಲಿ ತಪ್ಪಿದರೆ ಮನೆಯವರ ಅಥವಾ ಕಂಬವೇರಿದ ಲೈನ್‌ಮನ್‌ನ ಪ್ರಾಣಕ್ಕೇ ಅಪಾಯ ಒದಗುತ್ತದೆ.

ಹಿನ್ನೆಲೆ

ಈ ತಾಲೂಕುಗಳಲ್ಲಿ ಮನೆಗಳು ಒಂದೆಡೆ ಗುಂಪಾಗಿರದೆ ಅಡಿಕೆ ತೋಟಗಳ ನಡುವೆ ಚದುರಿಕೊಂಡಿವೆ. ಕೆಲವೇ ಮನೆಗಳಿಗಾಗಿ ವಿದ್ಯುತ್ ತಂತಿಗಳು ಕಾಡು, ಗುಡ್ಡ, ರಬ್ಬರ್ ತೋಟಗಳನ್ನು ದಾಟಿ ಬಹುದೂರ ಸಾಗಬೇಕಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಗಾಳಿಮಳೆಗೆ ಮರಗಳು ತಂತಿಯ ಮೇಲೆ ಬೀಳುತ್ತವೆ. ಮುಂಗಾರಿಗೆ ಮೊದಲು ಹಾಗೂ ಅದು ಮುಗಿದ ಬಳಿಕ ಸಿಡಿಲಿನ ಕಾಟವಿರುತ್ತದೆ. ಇಲ್ಲಿನ ವಿದ್ಯುತ್ ವಿತರಣೆಯ ಹೊಣೆ ಮಂಗಳೂರು ವಿದ್ಯುತ್ ಸರಬರಾಜು ಕಂಪನಿಯದು (ಮೆಸ್ಕಾಂ). ಒಂದೇ ರಾತ್ರಿ ಹಲವೆಡೆ ಕಂಬಗಳು ಮುರಿದರೆ ಒಳಪ್ರದೇಶದ ಮನೆಗಳಿಗೆ ವಿದ್ಯುತ್ ಮರಳಲು ದಿನಗಳೇ ಹಿಡಿಯಬಹುದು.

ಇನ್ವರ್ಟರ್ ಮತ್ತು ಜನರೇಟರ್

ಇನ್ವರ್ಟರ್ ಬ್ಯಾಟರಿಯಲ್ಲಿ ಕೂಡಿಟ್ಟ ವಿದ್ಯುತ್ತನ್ನು ಕೊಡುತ್ತದೆ. ಜನರೇಟರ್ ಹೊಸದಾಗಿ ಉತ್ಪಾದಿಸುತ್ತದೆ. 12 ವೋಲ್ಟ್, 150 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 1.8 ಯೂನಿಟ್ ವಿದ್ಯುತ್ ಹಿಡಿಯುತ್ತದೆ. ಪರಿವರ್ತನೆಯ ನಷ್ಟ ಕಳೆದರೂ 200 ವಾಟ್‌ನಷ್ಟು ದೀಪ, ಫ್ಯಾನುಗಳನ್ನು ಅದು ಸುಮಾರು ಆರು ಗಂಟೆ ನಡೆಸಬಲ್ಲದು. ಬಾವಿಯ ಪಂಪು ನಡೆಸಲು ಹಾಗೂ ದಿನಗಟ್ಟಲೆ ವಿದ್ಯುತ್ ಇಲ್ಲದಾಗ ಬ್ಯಾಟರಿಯನ್ನು ಮತ್ತೆ ತುಂಬಲು ಜನರೇಟರ್ ಬೇಕು. ಹೀಗಾಗಿ ಎರಡೂ ಇರುವ ಮನೆಯಲ್ಲಿ ಜನರೇಟರನ್ನು ಬೆಳಗ್ಗೆ ಮತ್ತು ಸಂಜೆ ಒಂದೆರಡು ಗಂಟೆ ಓಡಿಸಿ ನೀರು ಏರಿಸಿ, ಫ್ರಿಜ್ ತಂಪಾಗಿಸಿ, ಬ್ಯಾಟರಿ ತುಂಬಿಸಿಕೊಳ್ಳುವುದು ಮಿತವ್ಯಯದ ಕ್ರಮ. ಬಾಗಿಲು ತೆರೆಯದಿದ್ದರೆ ಫ್ರಿಜ್ ಸುಮಾರು ನಾಲ್ಕು ಗಂಟೆ ತಂಪನ್ನು ಹಿಡಿದಿಡುತ್ತದೆ. ವರ್ಷದಲ್ಲಿ ಹಲವು ತಿಂಗಳು ತೋಡಿನಲ್ಲಿ ನೀರು ಹರಿಯುವ ಘಟ್ಟದ ಬದಿಯ ಕೆಲವು ಮನೆಗಳಲ್ಲಿ ಕಿರು ಜಲವಿದ್ಯುತ್ ಯಂತ್ರವೂ ಬಳಕೆಯಲ್ಲಿದೆ.

ಸಾಮರ್ಥ್ಯದ ಆಯ್ಕೆ

ಜನರೇಟರ್‌ನ ಸಾಮರ್ಥ್ಯವನ್ನು ಕೆವಿಎಯಲ್ಲಿ ಹೇಳುತ್ತಾರೆ. ಪವರ್ ಫ್ಯಾಕ್ಟರ್ 0.8 ಆಗಿರುವ 3 ಕೆವಿಎ ಯಂತ್ರದಿಂದ 2.4 ಕಿಲೋವಾಟ್ ದೊರೆಯುತ್ತದೆ. ಮೋಟಾರು ಚಾಲನೆಗೊಳ್ಳುವ ಕ್ಷಣದಲ್ಲಿ ಓಡುವಾಗಿನದಕ್ಕಿಂತ ಮೂರು ಪಟ್ಟು ಅಥವಾ ಇನ್ನೂ ಹೆಚ್ಚು ಕರೆಂಟು ಎಳೆಯುತ್ತದೆ. ಲೆಕ್ಕ ತಪ್ಪುವುದು ಹೆಚ್ಚಾಗಿ ಇಲ್ಲಿಯೇ. ಉದಾಹರಣೆಗೆ, ದೀಪ, ಎರಡು ಫ್ಯಾನು, ಫ್ರಿಜ್ ಹಾಗೂ ಮೊಬೈಲ್ ಚಾರ್ಜರ್‌ಗಳಿಗೆ ಸುಮಾರು 400 ವಾಟ್ ಸಾಕು. ಇದಕ್ಕೆ ಅರ್ಧ ಅಶ್ವಶಕ್ತಿಯ ಪಂಪು ಸೇರಿದರೆ 3 ಕೆವಿಎ ಯಂತ್ರವೂ ಒಂದು ಅಶ್ವಶಕ್ತಿಯ ಪಂಪು ಸೇರಿದರೆ 5 ಕೆವಿಎ ಯಂತ್ರವೂ ಸಾಮಾನ್ಯವಾಗಿ ಬೇಕಾಗುತ್ತದೆ. ಪಂಪನ್ನು ಮೊದಲು ಚಾಲನೆ ಮಾಡಿ, ಉಳಿದವುಗಳನ್ನು ಒಂದೊಂದಾಗಿ ಸೇರಿಸಬೇಕು.

ತೋಟದ ನೀರಾವರಿ ಪಂಪನ್ನೂ ಲೆಕ್ಕಕ್ಕೆ ಸೇರಿಸಿ ಬಹು ದೊಡ್ಡ ಯಂತ್ರ ಕೊಳ್ಳುವ ಮೊದಲು ಒಂದು ಅಂಶವನ್ನು ಗಮನಿಸಬೇಕು. ದೀರ್ಘ ವಿದ್ಯುತ್ ಕಡಿತ ಹೆಚ್ಚಾಗಿ ಸಂಭವಿಸುವುದು ಮಳೆಗಾಲದಲ್ಲಿ. ಆಗ ಅಡಿಕೆಗೆ ನೀರುಣಿಸುವ ಅಗತ್ಯವಿರುವುದಿಲ್ಲ. ದೊಡ್ಡ ಯಂತ್ರವನ್ನು ಕೇವಲ ದೀಪಗಳಿಗಾಗಿ ಓಡಿಸಿದರೆ ಪ್ರತಿ ಯೂನಿಟ್‌ಗೆ ತಗಲುವ ಇಂಧನ ಬಹಳ ಹೆಚ್ಚುತ್ತದೆ. ತಕ್ಕ ಹೊರೆಯಿದ್ದಾಗಲೂ ಸಣ್ಣ ಪೆಟ್ರೋಲ್ ಜನರೇಟರ್ ಲೀಟರಿಗೆ ಸುಮಾರು ಎರಡು ಯೂನಿಟ್ ಮಾತ್ರ ಕೊಡುತ್ತದೆ.

ಹೊಗೆಯ ಅಪಾಯ

ಎಂಜಿನ್ನಿನ ಹೊಗೆಯಲ್ಲಿ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಅನಿಲವಿರುತ್ತದೆ. ಅದು ರಕ್ತದ ಹಿಮೋಗ್ಲೋಬಿನ್ನಿನೊಂದಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಬೆಸೆದುಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಂತಿ ಇದರ ಲಕ್ಷಣಗಳು. ನಿದ್ರಿಸುತ್ತಿರುವವರು ಎಚ್ಚರಗೊಳ್ಳದೆಯೇ ಸಾಯಬಹುದು. ಮಳೆಗೆ ನೆನೆಯಬಾರದೆಂದು ಯಂತ್ರವನ್ನು ಜಗಲಿಯಲ್ಲಿ ಅಥವಾ ಮನೆಗೆ ಹೊಂದಿಕೊಂಡ ಕೊಟ್ಟಿಗೆಯಲ್ಲಿ ಇಡುವುದು ಅಪಾಯಕಾರಿ. ಹೆಂಚಿನ ಮಾಡಿನ ಸಂದುಗಳಿಂದಲೂ ಅನಿಲ ಒಳಸೇರುತ್ತದೆ. ಕಿಟಕಿ ತೆರೆದಿಟ್ಟರೆ ಸಾಲದು. ಕಿಟಕಿ, ಬಾಗಿಲುಗಳಿಂದ ಕನಿಷ್ಠ 6 ಮೀಟರ್ (20 ಅಡಿ) ದೂರದಲ್ಲಿ, ಸುತ್ತಲೂ ತೆರೆದಿರುವ ಪ್ರತ್ಯೇಕ ಮಾಡಿನಡಿ ಎತ್ತರದ ಕಟ್ಟೆಯ ಮೇಲಿಟ್ಟು, ಹೊಗೆಕೊಳವೆಯನ್ನು ಮನೆಗೆ ವಿರುದ್ಧ ದಿಕ್ಕಿಗೆ ತಿರುಗಿಸಬೇಕು. ಲಕ್ಷಣಗಳು ಕಂಡೊಡನೆ ಎಲ್ಲರೂ ಹೊರಗೆ ಬಂದು ಚಿಕಿತ್ಸೆ ಪಡೆಯಬೇಕು.

ಹಿಮ್ಮುಖ ವಿದ್ಯುತ್

ಎರಡೂ ತುದಿಗೆ ಪ್ಲಗ್ ಇರುವ ವಯರಿನಿಂದ ಜನರೇಟರನ್ನು ಗೋಡೆಯ ಸಾಕೆಟ್ಟಿಗೆ ಸೇರಿಸಿದರೆ ವಿದ್ಯುತ್ ಮೀಟರನ್ನು ದಾಟಿ ಹೊರಗಿನ ತಂತಿಗೂ ಹರಿಯಬಲ್ಲದು. 11 ಕಿಲೋವೋಲ್ಟನ್ನು ಮನೆಬಳಕೆಯ ಮಟ್ಟಕ್ಕೆ ಇಳಿಸುವ ಟ್ರಾನ್ಸ್‌ಫಾರ್ಮರ್, ಹಿಮ್ಮುಖವಾಗಿ ಬಂದ 230 ವೋಲ್ಟನ್ನು ಸಾವಿರಾರು ವೋಲ್ಟಿಗೆ ಏರಿಸುತ್ತದೆ. ಸರಬರಾಜು ನಿಲ್ಲಿಸಲಾಗಿದೆ ಎಂದು ನಂಬಿ ಮಳೆಯಲ್ಲಿ ತಂತಿ ಜೋಡಿಸುತ್ತಿರುವ ಲೈನ್‌ಮನ್‌ಗೆ, ತುಂಡಾಗಿ ಬಿದ್ದ ತಂತಿಯನ್ನು ತುಳಿದ ದಾರಿಹೋಕನಿಗೆ ಅಥವಾ ದನಕರುವಿಗೆ ಅದು ಮಾರಕ. ಜನರೇಟರ್ ಓಡುತ್ತಿರುವಾಗ ಲೈನಿನ ವಿದ್ಯುತ್ ಮರಳಿ ಬಂದರೆ ಯಂತ್ರವೂ ಸುಟ್ಟುಹೋಗಬಹುದು.

ಮುಖ್ಯ ಸ್ವಿಚ್ಚನ್ನು ನೆನಪಿಟ್ಟು ಆರಿಸುವುದು ಇದಕ್ಕೆ ನಂಬಲರ್ಹ ಪರಿಹಾರವಲ್ಲ. ಲೈನ್ ಮತ್ತು ಜನರೇಟರ್ ಏಕಕಾಲಕ್ಕೆ ಸೇರದಂತೆ ತಡೆಯುವ ಚೇಂಜ್‌ಓವರ್ ಸ್ವಿಚ್ಚನ್ನು ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದ ಅಳವಡಿಸಿಕೊಳ್ಳಬೇಕು. ಅದು ಫೇಸ್, ನ್ಯೂಟ್ರಲ್ ಎರಡನ್ನೂ ಬೇರ್ಪಡಿಸುವಂತಿರಬೇಕು. ಅದಿಲ್ಲದ ಮನೆಯಲ್ಲಿ ಫ್ರಿಜ್ ಮುಂತಾದವನ್ನು ದಪ್ಪ ವಯರಿನ ಎಕ್ಸ್‌ಟೆನ್ಶನ್ ಮೂಲಕ ನೇರವಾಗಿ ಜನರೇಟರಿಗೇ ಜೋಡಿಸಬೇಕು.

ಇಂಧನ ಮತ್ತು ನಿರ್ವಹಣೆ

ಎಂಜಿನ್ ನಿಲ್ಲಿಸಿ ತಣಿದ ಮೇಲೆಯೇ ಪೆಟ್ರೋಲ್ ತುಂಬಬೇಕು. ಪೆಟ್ರೋಲನ್ನು ಅಡುಗೆಯ ಒಲೆ ಹಾಗೂ ಬಚ್ಚಲ ಒಲೆಗಳಿಂದ ದೂರದಲ್ಲಿ, ಮುಚ್ಚಳ ಭದ್ರವಾದ ಲೋಹದ ಕ್ಯಾನಿನಲ್ಲಿಡಬೇಕು. ಬೇಸಗೆಯಿಡೀ ಟ್ಯಾಂಕಿನಲ್ಲಿ ಉಳಿದ ಪೆಟ್ರೋಲ್ ಕೆಟ್ಟು ಕಾರ್ಬುರೇಟರ್ ಕಟ್ಟಿಕೊಳ್ಳುವುದರಿಂದ, ಬಳಕೆಯಿಲ್ಲದ ಕಾಲದಲ್ಲಿ ಟ್ಯಾಂಕನ್ನು ಬರಿದು ಮಾಡುವುದು ಒಳ್ಳೆಯದು. ಮೇ ತಿಂಗಳಲ್ಲಿ ಎಂಜಿನ್ ಆಯಿಲ್ ಹಾಗೂ ಸ್ಪಾರ್ಕ್ ಪ್ಲಗ್ ಪರೀಕ್ಷಿಸಿ, ಹೊರೆ ಕೊಟ್ಟು ಒಮ್ಮೆ ಓಡಿಸಿ ನೋಡಿದರೆ ಮಳೆಗಾಲಕ್ಕೆ ಯಂತ್ರ ಸಿದ್ಧವಾಗಿರುತ್ತದೆ. ತುಂಡಾದ ತಂತಿ ಕಂಡರೆ ಮುಟ್ಟದೆ, ಇತರರನ್ನೂ ದೂರವಿರಿಸಿ, ಮೆಸ್ಕಾಂನ 1912 ಸಂಖ್ಯೆಗೆ ತಿಳಿಸಬೇಕು.